ಕಾವಿನ ಕೊನೆಯ ದಿನಗಳು

ಭಾನುವಾರ, 9 ಫೆಬ್ರವರಿ 2025

ಇನ್‌ಕ್ಯುಬೇಟರ್‌ಗೆ, ಅಂದರೆ ಕಾವು ಕೊಡುವ ಪೆಟ್ಟಿಗೆಗೆ, ಕೋಳಿ ಮೊಟ್ಟೆ ಇಟ್ಟು ಇವತ್ತಿಗೆ 18ನೇ ದಿನ. ಮೊಟ್ಟೆ ತಿರುಗಿಸುವ ಕೆಲಸ ಇಲ್ಲಿಗೆ ಮುಗಿಯಿತು. ಬೆಳಿಗ್ಗೆ ಕೊನೆಯ ಸಲ ಬೆಳಕು ಹಿಡಿದು ನೋಡಿ, ಮೊಟ್ಟೆಗಳನ್ನು ಮಲಗಿಸಿ, ನೀರಿನ ತಟ್ಟೆ ತುಂಬಿಸಿ ಮುಚ್ಚಳ ಹಾಕಿದೆ. ತೇವಾಂಶ ಈಗ ಶೇ. 70ರ ಹತ್ತಿರ ಬಂದಿದೆ. ಇನ್ನು ಮರಿಗಳು ಹೊರಗೆ ಬಂದು ಮೈ ಒಣಗುವ ತನಕ ಮುಚ್ಚಳ ಮುಟ್ಟುವಂತಿಲ್ಲ.

"ಒಂದ್ಸಲ ತೆಗೆದು ನೋಡೋಣ ಅಪ್ಪಾ, ಏನಾಗುತ್ತೆ?" ಅಂತ ಮಗಳು ಆಗಲೇ ಶುರು ಮಾಡಿದ್ದಾಳೆ. ಆಗುವುದು ಇಷ್ಟು: ಒಳಗಿನ ತೇವ ಒಮ್ಮೆಲೇ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ಯಾವುದಾದರೂ ಮರಿ ಚಿಪ್ಪಿಗೆ ತೂತು ಮಾಡಿದ್ದರೆ ಒಳಪೊರೆ ಒಣಗಿ ಅದರ ಮೈಗೆ ಅಂಟಿಕೊಳ್ಳುತ್ತದೆ. ಮರಿಗೆ ತಿರುಗಲು ಆಗುವುದಿಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಹೇಳಿದ ಮೇಲೆ ಸುಮ್ಮನಾದಳು. ಈಗ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದಾಳೆ.

ನನಗೆ ಕೆಲಸವಿಲ್ಲ, ನೋಟ್‌ಬುಕ್ ತೆಗೆದು ಕೂತೆ. ಕೋಳಿ ಸಾಕುವವರು ಬರೆದಿಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಯಾಕೆಂದರೆ ಇಲ್ಲಿ ತೊಂದರೆ ಹುಟ್ಟಿದ ದಿನ ಬೇರೆ, ಕಣ್ಣಿಗೆ ಬೀಳುವ ದಿನ ಬೇರೆ. 20ನೇ ದಿನ ಚಿಪ್ಪಿನೊಳಗೇ ಸತ್ತ ಮರಿಗೆ ಹೆಚ್ಚಾಗಿ 20ನೇ ದಿನ ಏನೂ ಆಗಿರುವುದಿಲ್ಲ. ಆಗಿದ್ದೆಲ್ಲ ಅದಕ್ಕೂ ಮೊದಲಿನ ದಿನಗಳಲ್ಲಿ. ಇವತ್ತು ರಕ್ತ ಬೆರೆತ ಹಿಕ್ಕೆ ಕಂಡರೆ ಹೋದ ವಾರ ಹಾಸು ಒದ್ದೆಯಾಗಿತ್ತು ಅಂತ ಅರ್ಥ. ಹೋದ ವಾರದ್ದು ಯಾರಿಗೆ ನೆನಪಿರುತ್ತದೆ, ಅಲ್ವಾ?

ಮರಿ ಬರುತ್ತದೋ ಇಲ್ಲವೋ ಅನ್ನುವುದು ಅರ್ಧದಷ್ಟು ಮೊಟ್ಟೆ ಪೆಟ್ಟಿಗೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಮೊಟ್ಟೆ ಆರಿಸಿ ಇಡುವಾಗ ಜಾಗ ತಂಪಾಗಿರಬೇಕು, 15ರಿಂದ 18 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಚೂಪು ತುದಿ ಕೆಳಗೆ, ಅಗಲದ ಕಡೆ ಮೇಲೆ. ಮೊಟ್ಟೆಯೊಳಗೆ ಗಾಳಿ ತುಂಬಿರುವ ಜಾಗ, ಅಂದರೆ ಗಾಳಿ ಕೋಣೆ, ಇರುವುದು ಅಗಲದ ಕಡೆ. ಒಂದು ವಾರಕ್ಕಿಂತ ಹಳೆಯದಾದರೆ ಮರಿ ಆಗುವ ಸಾಧ್ಯತೆ ದಿನದಿಂದ ದಿನಕ್ಕೆ ಇಳಿಯುತ್ತದೆ. ತೊಳೆಯಲಂತೂ ಬೇಡ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳ ಮೇಲೆ ಹೇಟೆಯ ಮೈಯಿಂದಲೇ ಬಂದ ತೆಳು ಲೇಪ ಇರುತ್ತದೆ. ತೊಳೆದರೆ ಅದು ಹೋಗಿ ರೋಗಾಣು ಒಳಗೆ ಇಳಿಯಲು ದಾರಿಯಾಗುತ್ತದೆ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಮರಿ ಮಾಡಿಸಲು ಇಡದೇ ಇರುವುದು ಮೇಲು. ಮೊಟ್ಟೆ ಇಡುವ ಗೂಡಿಗೆ ಒಣ ಹುಲ್ಲು ಹಾಕಿದರೆ ಈ ತಲೆನೋವೇ ಕಡಿಮೆ.

ಹುಂಜದ ಲೆಕ್ಕವೂ ಹೀಗೇ ಹಿಂದಕ್ಕೆ ಹೋಗುತ್ತದೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಟೆ ಸಾಕು. ಒಮ್ಮೆ ಕೂಡಿದ ಮೇಲೆ ಹೇಟೆಯ ಮೈಯಲ್ಲಿ ಎರಡು ವಾರದ ತನಕ ವೀರ್ಯ ಉಳಿದಿರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾಗಿ ಹೊಸ ಹುಂಜ ತಂದ ಮರುದಿನದಿಂದಲೇ ಅದರ ಮರಿ ಅಂತ ಹೇಳುವಂತಿಲ್ಲ. ಮೂರು ವಾರ ಬಿಟ್ಟು ಮೊಟ್ಟೆ ಆರಿಸಿದರೆ ಅನುಮಾನ ಇರುವುದಿಲ್ಲ.

ಶಾಖದ ಬಗ್ಗೆ ಎಲ್ಲರೂ ಹೆದರುತ್ತಾರೆ, ಅದು ಸರಿಯೇ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು ಸುಮಾರು ಒಂದು ಡಿಗ್ರಿ ಹೆಚ್ಚು. ಆದರೆ ಹೆದರಬೇಕಾದದ್ದು ತಣ್ಣಗಾಗುವುದಕ್ಕಲ್ಲ, ಬಿಸಿ ಏರುವುದಕ್ಕೆ. ಕರೆಂಟ್ ಒಂದೆರಡು ಗಂಟೆ ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ ಬಿಟ್ಟರೆ ಸಾಕು. ಭ್ರೂಣ ಅಷ್ಟು ತಂಪನ್ನು ತಡೆದುಕೊಳ್ಳುತ್ತದೆ. 40 ಡಿಗ್ರಿ ದಾಟಿದರೆ ಮಾತ್ರ ಬೇಗ ಸಾಯುತ್ತದೆ. ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬಾರದು ಅನ್ನುವುದು ಇದಕ್ಕೇ. ಹಿಂದೆ ಈಜಿಪ್ಟಿನಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಮರಿ ಮಾಡಿಸುತ್ತಿದ್ದರು. ಥರ್ಮಾಮೀಟರ್ ಇಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖ ತಿಳಿಯುತ್ತಿದ್ದರು. ನಾನು ಎರಡು ಥರ್ಮಾಮೀಟರ್ ಇಟ್ಟಿದ್ದೇನೆ, ಎರಡೂ ಒಂದೇ ಅಂಕಿ ತೋರಿಸುವುದಿಲ್ಲ!

ನನ್ನ ಮಟ್ಟಿಗೆ ಶಾಖಕ್ಕಿಂತ ಹೆಚ್ಚು ಕಾಡುವುದು ತೇವಾಂಶ. ಮೊದಲ 18 ದಿನ ಶೇ. 45ರಿಂದ 55 ಇರಬೇಕು ಅಂತ ಹೇಳುತ್ತಾರೆ. ಆದರೆ ಮೀಟರ್ ಅಂಕಿ ನಂಬಿ ಕೂರುವುದಕ್ಕಿಂತ ಮೊಟ್ಟೆಯನ್ನೇ ತೂಕ ಹಾಕುವುದು ವಾಸಿ. ಕಾವಿನಲ್ಲಿ ಮೊಟ್ಟೆಯ ನೀರು ನಿಧಾನಕ್ಕೆ ಆವಿಯಾಗುತ್ತದೆ. 18ನೇ ದಿನಕ್ಕೆ ಶುರುವಿನ ತೂಕದಲ್ಲಿ ಶೇ. 12ರ ಆಸುಪಾಸು ಕಡಿಮೆಯಾಗಿರಬೇಕು. 60 ಗ್ರಾಂ ಇದ್ದದ್ದು 53ರ ಹತ್ತಿರ ಬರಬೇಕು. ಇಷ್ಟು ಇಳಿಯದಿದ್ದರೆ ಗಾಳಿ ಕೋಣೆ ಚಿಕ್ಕದಾಗೇ ಉಳಿಯುತ್ತದೆ. ಚಿಪ್ಪು ಕುಕ್ಕುವ ಮೊದಲು ಮರಿ ತನ್ನ ಮೊದಲ ಉಸಿರು ಎಳೆಯುವುದು ಆ ಕೋಣೆಯಿಂದ. ಜಾಗ ಸಾಲದಿದ್ದರೆ ಒಳಗಿನ ನೀರಿನಲ್ಲೇ ಮುಳುಗುತ್ತದೆ. ಜಾಸ್ತಿ ಇಳಿದರೂ ಕಷ್ಟ, ಮರಿ ಸೊರಗಿ ಪೊರೆಗೆ ಅಂಟುತ್ತದೆ.

ಈ ಸಲದ ತೂಕಗಳು ಬಹುಪಾಲು ಸರಿಯಾಗಿವೆ. ಕಂದು ಹೇಟೆಯ ದೊಡ್ಡ ಮೊಟ್ಟೆಗಳು ಮಾತ್ರ ಅಷ್ಟಾಗಿ ಇಳಿದಿಲ್ಲ. ಪಕ್ಕದಲ್ಲಿ ಗುರುತು ಹಾಕಿದ್ದೇನೆ.

ಸಂಜೆ ಗೆಳೆಯನೊಬ್ಬ ಫೋನ್ ಮಾಡಿದ. "ನಮ್ಮ ಕೋಳಿಗಳು ತೆಳು ಚಿಪ್ಪಿನ ಮೊಟ್ಟೆ ಇಡ್ತಿವೆ ಮಾರಾಯ, ನಿನ್ನೆಯಿಂದ ಏನೂ ಬದಲಾಯಿಸಿಲ್ಲ" ಅಂದ. ನಿನ್ನೆಯದು ಬಿಡು, ಹೋದ ತಿಂಗಳಿಂದ ಏನು ಹಾಕ್ತಿದ್ದೀಯ ಹೇಳು ಅಂದೆ. ಬರೀ ಕಾಳು, ಜೊತೆಗೆ ಮನೆಯಲ್ಲಿ ಉಳಿದ ಅನ್ನ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಿಗದಿದ್ದರೆ ಹೇಟೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಹೀಗಾಗಿ ಕೊರತೆ ಶುರುವಾದ ತಕ್ಷಣ ನಮಗೆ ಗೊತ್ತಾಗುವುದೇ ಇಲ್ಲ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡು, ಬೇಕಾದಷ್ಟು ತಾವೇ ತಿನ್ನುತ್ತವೆ ಅಂತ ಹೇಳಿದೆ. ಸೆಖೆಗೂ ಚಿಪ್ಪು ತೆಳುವಾಗುತ್ತದೆ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಅದರಲ್ಲಿ ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಹೊರಗೆ ಹೋಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ.

ಅನ್ನದ ವಿಷಯಕ್ಕೆ ಒಂದು ಹಳೆಯ ಕಥೆ ಇದೆ. 1890ರ ದಶಕದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ ಜಾವಾದಲ್ಲಿ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸ್ವಾಧೀನ ತಪ್ಪುವುದು, ತೌಡು ಸಹಿತ ಅಕ್ಕಿ ತಿಂದವು ಚೆನ್ನಾಗಿರುವುದು ಅವನಿಗೆ ಕಂಡಿತು. ವಿಟಮಿನ್ ಬಿ1 ಬಗ್ಗೆ ಮುಂದೆ ತಿಳಿದದ್ದಕ್ಕೆ ಇದೇ ಬುನಾದಿ. 1929ರಲ್ಲಿ ಅವನಿಗೆ ನೊಬೆಲ್ ಬಂತು. ಅಲ್ಲೂ ಕಾಲು ಸ್ವಾಧೀನ ತಪ್ಪಿದ್ದು ತಿಂದ ದಿನವಲ್ಲ, ವಾರಗಳ ನಂತರ. ಗೆಳೆಯನಿಗೆ ಇಷ್ಟೆಲ್ಲ ಹೇಳಲಿಲ್ಲ ಬಿಡಿ, ಫೋನ್ ಇಟ್ಟುಬಿಡುತ್ತಿದ್ದ.

ಮಂಗಳವಾರ, 11 ಫೆಬ್ರವರಿ

ರಾತ್ರಿ ಒಂದು ಮೊಟ್ಟೆಯಿಂದ ಚಿಂವ್ ಚಿಂವ್ ಸದ್ದು. ಚಿಪ್ಪಿನಲ್ಲಿ ಸಣ್ಣ ಬಿರುಕು ಕಾಣುತ್ತಿದೆ. ಇಡೀ ಮನೆ ಎದ್ದು ಕೂತಿದೆ.

ಹೊರಗೆ ಬುಟ್ಟಿಯಲ್ಲಿ ಕಾವಿಗೆ ಕೂತಿರುವ ಕಪ್ಪು ಹೇಟೆಗೆ ಈ ಯಾವ ಗಡಿಬಿಡಿಯೂ ಇಲ್ಲ. ಎದೆಯ ಗರಿ ಕಿತ್ತುಕೊಂಡು ಬರಿ ಚರ್ಮವನ್ನು ಮೊಟ್ಟೆಗೆ ತಾಗಿಸಿ ಕೂತಿದೆ. ದಿನಕ್ಕೊಮ್ಮೆ ಎದ್ದು, ತಿಂದು, ನೀರು ಕುಡಿದು, ದೊಡ್ಡ ಗಬ್ಬು ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಾಡಿ ವಾಪಸ್ ಬರುತ್ತದೆ. ಕಾವು ಕೋಳಿಯಿಂದ ಕೆಲಸ ಕಡಿಮೆ ಅನ್ನುವುದು ನಿಜ. ಆದರೆ ಅದನ್ನು ಬೇರೆ ಕೋಳಿಗಳಿಂದ ದೂರ ಇಡಲೇಬೇಕು. ಇಲ್ಲದಿದ್ದರೆ ಉಳಿದವು ಅದೇ ಬುಟ್ಟಿಗೆ ಹೋಗಿ ಹೊಸ ಮೊಟ್ಟೆ ಇಡುತ್ತವೆ. ಒಂದೊಂದು ಮೊಟ್ಟೆಗೆ ಒಂದೊಂದು ವಯಸ್ಸಾಗುತ್ತದೆ. ಮೊದಲ ಮರಿಗಳು ನಡೆದಾಡಲು ಶುರು ಮಾಡಿದರೆ ತಾಯಿ ಉಳಿದ ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ. ಇಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಹೊಸದು ಯಾವುದು ಅಂತ ತಿಳಿಯುತ್ತದೆ. ಕೂರಿಸುವ ಮೊದಲು ಹೇನು ಇದೆಯಾ ಅಂತ ರೆಕ್ಕೆಯ ಅಡಿಯಲ್ಲಿ, ಗುದದ ಸುತ್ತ ನೋಡುವುದನ್ನೂ ಮರೆಯಬಾರದು. ಕೆಂಪು ನುಸಿಯದು ಇನ್ನೊಂದು ಕಾಟ. ಅದು ಹಗಲು ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲು ಕೋಳಿಯನ್ನು ಎಷ್ಟು ತಡಕಿದರೂ ಸಿಗುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಅಡಿ ನೋಡಬೇಕು.

ಗುರುವಾರ, 13 ಫೆಬ್ರವರಿ

ಮರಿಗಳು ಬಂದವು. ಹೆಚ್ಚಿನವು ನಿನ್ನೆ, 21ನೇ ದಿನವೇ. ತೂತು ಮಾಡಿದ ಮೇಲೆ ಒಂದೊಂದು ಮರಿ ಗಂಟೆಗಟ್ಟಲೆ ಸುಮ್ಮನೆ ಇರುತ್ತದೆ. 12 ಗಂಟೆ, ಕೆಲವು ಪೂರ್ತಿ ಒಂದು ದಿನ. ನೋಡುವವರಿಗೆ ಅದು ಸುಸ್ತಾಗಿ ಬಿದ್ದಂತೆ ಕಾಣುತ್ತದೆ. ನಿಜದಲ್ಲಿ ಒಳಗೆ ಕೆಲಸ ನಡೆದಿರುತ್ತದೆ. ಉಳಿದ ಹಳದಿ ಹೊಟ್ಟೆಯೊಳಗೆ ಸೇರಬೇಕು, ಪೊರೆಯ ರಕ್ತನಾಳಗಳು ಬತ್ತಬೇಕು. ಆಗ ಚಿಪ್ಪು ಬಿಡಿಸಿ ಸಹಾಯ ಮಾಡಲು ಹೋದರೆ ರಕ್ತ ಸುರಿಯುತ್ತದೆ. ಆ ಹಳದಿಯ ಬಲದಿಂದಲೇ ಮರಿ ಎರಡು ದಿನ ತಿನ್ನದೆ ಇರಬಲ್ಲದು. ಆದ್ದರಿಂದ ಮೊದಲು ಬಂದವು ಹಸಿದಿವೆ ಅಂತ ಮುಚ್ಚಳ ತೆಗೆಯುವ ಅವಸರ ಬೇಕಿಲ್ಲ.

ಈಗ ಎಲ್ಲವೂ ಬಲ್ಬ್ ಕೆಳಗೆ. ಮೊದಲ ವಾರ 35 ಡಿಗ್ರಿಯವರೆಗೆ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಇದಕ್ಕೆ ಥರ್ಮಾಮೀಟರ್‌ಗಿಂತ ಮರಿಗಳನ್ನೇ ನೋಡುವುದು ಸುಲಭ. ಬಲ್ಬ್ ಕೆಳಗೆ ಒಂದರ ಮೇಲೊಂದು ಗುಂಪಾದರೆ ಚಳಿ. ಗೋಡೆಗೆ ಅಂಟಿ ಬಾಯಿ ತೆರೆದರೆ ಸೆಖೆ. ಎಲ್ಲಾ ಕಡೆ ಹರಡಿ ಮಲಗಿದ್ದರೆ ಸರಿಯಾಗಿದೆ. ಕೆಳಗೆ ನುಣುಪು ಪೇಪರ್ ಹಾಸಿದರೆ ಜಾರಿ ಕಾಲು ಎರಡು ಕಡೆ ಸೀಳಿಕೊಳ್ಳುತ್ತದೆ, ಒರಟು ಬಟ್ಟೆ ಹಾಕಿದ್ದೇನೆ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲುಗಳಿವೆ, ಮರಿ ಮುಳುಗದ ಹಾಗೆ. ಒಂದು ಮರಿಯ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡು ಒಣಗಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ತೆಗೆದೆ. ಎಳೆದು ಕೀಳಬಾರದು, ಚರ್ಮವೇ ಬರುತ್ತದೆ. ದೊಡ್ಡ ಕೋಳಿಯ ಮೇವನ್ನು ಇವಕ್ಕೆ ಹಾಕುವಂತಿಲ್ಲ. ಅದರ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ.

ನನಗೆ ಭಯ ಇರುವುದು ಮೂರನೇ ವಾರದ ಮೇಲೆ. ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಆ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹಿಕ್ಕೆಯಲ್ಲಿ ಹೊರಬಿದ್ದ ಪರಾವಲಂಬಿ ಒದ್ದೆ, ಬೆಚ್ಚಗಿನ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ತಗಲಿಸುವಷ್ಟು ಬಲಿಯುತ್ತದೆ. ಒಣ ಹಾಸಿನಲ್ಲಿ ಅಷ್ಟು ಸುಲಭ ಅಲ್ಲ. ಹಾಗಾಗಿ ನೀರಿನ ತಟ್ಟೆಯ ಸುತ್ತಲಿನ ಹಾಸನ್ನು ದಿನಾ ಬದಲಾಯಿಸುವುದೇ ಮುಖ್ಯ ಔಷಧಿ. ರೋಗ ಬಂದರೆ ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಕೊಡುವುದು ಇದ್ದೇ ಇದೆ.

ಶನಿವಾರ, 15 ಫೆಬ್ರವರಿ

ಮರಿಯಾಗದೆ ಉಳಿದ ಮೊಟ್ಟೆಗಳನ್ನು ಇವತ್ತು ಹಿತ್ತಲಲ್ಲಿ ಒಡೆದು ನೋಡಿದೆ. ವಾಸನೆ ಇರುತ್ತದೆ, ಮಗಳು ಮೂಗು ಮುಚ್ಚಿಕೊಂಡೇ ನಿಂತಿದ್ದಳು. ಕೆಲವರು ಇದನ್ನು ಹಾಗೇ ಎಸೆಯುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಲಿಸುವುದು ಈ ಅರ್ಧ ಗಂಟೆ.

ಒಂದರಲ್ಲಿ ಮರಿ ಪೂರ್ತಿ ಬೆಳೆದಿತ್ತು, ಆದರೆ ತಲೆ ಚೂಪು ತುದಿಯ ಕಡೆ. ಗಾಳಿ ಕೋಣೆಯೇ ಸಿಕ್ಕಿಲ್ಲ. ಇನ್ನು ಕಂದು ಹೇಟೆಯ ದೊಡ್ಡ ಮೊಟ್ಟೆಗಳು: ಮರಿ ಊದಿಕೊಂಡು ಒದ್ದೆಯಾಗಿತ್ತು, ಗಾಳಿ ಕೋಣೆ ಚಿಕ್ಕದು. 9ನೇ ತಾರೀಕು ಪಕ್ಕದಲ್ಲಿ ಹಾಕಿದ ಗುರುತು ಇದೇ. ಗಾತ್ರ ದೊಡ್ಡದಾದಷ್ಟು ಅದಕ್ಕೆ ತಕ್ಕ ಹಾಗೆ ಮೇಲ್ಮೈ ಹೆಚ್ಚುವುದಿಲ್ಲ, ನೀರು ಇಳಿಯುವುದು ನಿಧಾನ. ಚಿಕ್ಕ ಮೊಟ್ಟೆಗೆ ಸರಿಹೋಗುವ ತೇವಾಂಶ ಇವಕ್ಕೆ ಜಾಸ್ತಿಯಾಗುತ್ತದೆ.

ಹಾಗಾಗಿ ಮುಂದಿನ ಸರದಿಗೆ ಎಲ್ಲಾ ಮೊಟ್ಟೆಗಳೂ ಒಂದೇ ಗಾತ್ರದವು. ಕಂದು ಹೇಟೆಯವನ್ನು ಕಾವಿಗೆ ಬರುವ ಕೋಳಿಯ ಅಡಿ ಇಟ್ಟು ನೋಡಬಹುದು, ಇಲ್ಲದಿದ್ದರೆ ಅಡುಗೆಮನೆಗೆ. ಹುಂಜ ಬದಲಾಯಿಸುವ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ, ಬರಡು ಮೊಟ್ಟೆಗಳು ಹೇಳಿಕೊಳ್ಳುವಷ್ಟು ಇರಲಿಲ್ಲ. ನಾಳೆ ಪೆಟ್ಟಿಗೆ ತೊಳೆದು ಬಿಸಿಲಿಗೆ ಇಡಬೇಕು.