ಬ್ಲೋವರ್ ಬಿಚ್ಚಿದ ಭಾನುವಾರ

ನವೆಂಬರ್ 9, 2025

ನಿನ್ನೆ ರಾತ್ರಿ ಒಲೆಗೆ ಸೌದೆ ಹಾಕಲಿಲ್ಲ. ಒಲೆಯ ಕಾವನ್ನು ಕೋಣೆಗೆ ಊದುವ ಫ್ಯಾನು, ಅಂದರೆ ಬ್ಲೋವರ್, ಇವತ್ತು ಬಿಚ್ಚಲೇಬೇಕು ಅಂತ ತೀರ್ಮಾನ ಮಾಡಿಯಾಗಿತ್ತು. ಬೆಳಿಗ್ಗೆ ಎದ್ದವಳೇ ಒಲೆಯ ಮೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಬೂದಿ ಕೆದಕಿದರೆ ಮಾತ್ರ ಅಡಿಯಲ್ಲಿ ಎರಡು ಕೆಂಡ ಇನ್ನೂ ಕಣ್ಣು ಬಿಟ್ಟುಕೊಂಡಿದ್ದವು. ಬೂದಿಯನ್ನು ಮುಚ್ಚಳ ಇರುವ ತಗಡಿನ ಡಬ್ಬಿಗೆ ತುಂಬಿ ಮನೆಯಿಂದ ದೂರ ಇಟ್ಟು ಬಂದೆ.

ಒಂದು ವಾರದಿಂದ ಒಂದೇ ಸದ್ದು. ಮೊದಲು ಸಣ್ಣಗೆ ಗುಂಯ್ ಅನ್ನುತ್ತಿತ್ತು, ಆಮೇಲೆ ಗಡಗಡ. ಅಮ್ಮನ ಕುರ್ಚಿ ಇರೋದು ಒಲೆಯ ಪಕ್ಕದಲ್ಲೇ. "ಬೆಚ್ಚಗೇನೋ ಇದೆ ಕಣೇ, ಆದ್ರೆ ನೀನು ಮಾತಾಡಿದ್ದು ಒಂದೂ ಕೇಳಿಸಲ್ಲ" ಅಂದಿದ್ದರು. ಅದೂ ಅಲ್ಲದೆ ಗಾಳಿಯ ರಭಸವೇ ಕಮ್ಮಿಯಾಗಿತ್ತು. ಸದ್ದು ಜಾಸ್ತಿ, ಗಾಳಿ ಕಮ್ಮಿ.

ನಮ್ಮದು ಗೋಡೆಯ ಹಳೇ ಬೆಂಕಿಗೂಡಿನೊಳಗೆ ಕೂರಿಸಿದ ಉಕ್ಕಿನ ಒಲೆ, ಇನ್ಸರ್ಟ್ ಅಂತಾರಲ್ಲ ಅದು. ಸುತ್ತ ಗೋಡೆಯೇ ಇರೋದರಿಂದ ಸುಮ್ನೆ ಬಿಟ್ಟರೆ ಎಷ್ಟೋ ಕಾವು ಗೂಡಿನೊಳಗೇ ಉಳಿದುಬಿಡುತ್ತದೆ. ಬೆಂಕಿ ಉರಿಯುವ ಪೆಟ್ಟಿಗೆಗೂ ಹೊರಗಿನ ಕವಚಕ್ಕೂ ನಡುವೆ ಒಂದು ಸಂದು ಇದೆ. ಬ್ಲೋವರ್ ಕೆಳಗಿನಿಂದ ಕೋಣೆಯ ಗಾಳಿಯನ್ನು ಎಳೆದು ಆ ಸಂದಿಗೆ ನುಗ್ಗಿಸುತ್ತದೆ. ಅದು ಬಿಸಿಯಾಗಿ ಬಾಗಿಲ ಮೇಲಿನ ಸೀಳಿನಿಂದ ಹೊರಗೆ ಬರುತ್ತದೆ. ಈ ಗಾಳಿ ಹೊಗೆಯ ಜೊತೆ ಎಲ್ಲೂ ಸೇರಬಾರದು. ಒಲೆ ಹದವಾಗಿ ಉರಿಯುತ್ತಿದ್ದರೂ ಸೀಳಿನಿಂದ ಹೊಗೆ ವಾಸನೆ ಬರುತ್ತಿದ್ದರೆ ಎಲ್ಲೋ ಬೆಸುಗೆ ಬಿಟ್ಟಿರಬಹುದು, ಒಲೆ ಆರಿಸಿ ತೋರಿಸಬೇಕು. ನಮ್ಮದರಲ್ಲಿ ಆ ತೊಂದರೆ ಇರಲಿಲ್ಲ.

ಪ್ಲಗ್ ಕಿತ್ತು ಕೈಯಲ್ಲೇ ಹಿಡಿದುಕೊಂಡು ಬಂದು, ವೈರು ಮತ್ತೆ ಯಾರ ಕಾಲಿಗೂ ಸಿಗದ ಹಾಗೆ ಸುತ್ತಿಟ್ಟೆ. ಬಿಚ್ಚುವ ಮೊದಲು ಮಗಳು ಮೊಬೈಲಿನಲ್ಲಿ ಫೋಟೋ ತೆಗೆದಳು, ಯಾವ ವೈರು ಯಾವ ಮೊಳೆಗೆ ಅಂತ. ನಾಲ್ಕು ಸ್ಕ್ರೂ ಬಿಚ್ಚಿ ಎಳೆದರೆ ಬ್ಲೋವರ್ ಪೂರ್ತಿ ಈಚೆ ಬಂತು.

ಚಕ್ರದ ಕಡೆ ಟಾರ್ಚ್ ಬಿಟ್ಟು ನೋಡಿದೆ. ಕೊಳವೆಯ ಹಾಗೆ ಉದ್ದಕ್ಕಿರುವ ಚಕ್ರ, ಸುತ್ತಲೂ ಬೆರಳಿನ ಉಗುರಿನಷ್ಟು ಅಗಲದ ರೆಕ್ಕೆಗಳು. ಒಂದೊಂದು ರೆಕ್ಕೆಯೂ ಚಮಚದ ಹಾಗೆ ಒಳಕ್ಕೆ ಬಾಗಿದೆ. ಆ ಬಾಗಿನಲ್ಲೇ ಗಾಳಿ ಸಿಕ್ಕಿ ಹೊರಗೆ ಚಿಮ್ಮಬೇಕು. ಆ ಬಾಗು ಪೂರ್ತಿ ತುಂಬಿತ್ತು. ಬೂದಿ, ನೂಲಿನ ಎಳೆ, ನಮ್ಮ ನಾಯಿಯ ಕೂದಲು ಎಲ್ಲಾ ಸೇರಿ ಬೂದುಬಣ್ಣದ ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಕಡ್ಡಿಯಿಂದ ಎಬ್ಬಿಸಿದರೆ ರೆಕ್ಕೆಯ ಅಚ್ಚಿನಲ್ಲೇ ಉದ್ದುದ್ದ ಪಟ್ಟಿಯಾಗಿ ಎದ್ದು ಬಂತು. ಒಂದು ಬದಿಯಲ್ಲಿ ಹತ್ತು ಹನ್ನೆರಡು ರೆಕ್ಕೆಗಳ ಪಟ್ಟಿ ಆಗಲೇ ಉದುರಿಹೋಗಿತ್ತು. ಗಡಗಡ ಶುರುವಾಗಿದ್ದು ಅದಕ್ಕೇ. ಒಂದು ಕಡೆ ಭಾರ, ಇನ್ನೊಂದು ಕಡೆ ಹಗುರ ಇದ್ದರೆ ಚಕ್ರ ಅದುರದೆ ಇನ್ನೇನು ಮಾಡುತ್ತೆ?

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಉಜ್ಜಿದೆ. ಮಗಳು ಪಕ್ಕದಲ್ಲಿ ವ್ಯಾಕ್ಯೂಮ್ ಹಿಡಿದಿದ್ದಳು. ನೀರು ಮುಟ್ಟಿಸಲಿಲ್ಲ, ಮೋಟಾರು ಪಕ್ಕದಲ್ಲೇ ಇದೆ. ಒತ್ತಿ ಉಜ್ಜಿದರೆ ರೆಕ್ಕೆ ಬಗ್ಗುತ್ತದೆ, ಆಮೇಲೆ ಎಷ್ಟು ಶುಚಿ ಮಾಡಿದರೂ ಅದುರು ಹೋಗಲ್ಲ. ಒಂದು ರೆಕ್ಕೆಗೆ ಸಣ್ಣ ತಗಡಿನ ಕ್ಲಿಪ್ ಸಿಕ್ಕಿಕೊಂಡಿತ್ತು. "ಅಮ್ಮಾ, ಇಲ್ಲೇನೋ ಕಸ" ಅಂತ ಮಗಳು ಕೀಳಲು ಹೋದಳು. ಥಟ್ಟನೆ ಕೈ ಹಿಡಿದೆ. ಅದು ಚಕ್ರದ ತೂಕ ಸರಿದೂಗಿಸಲು ತಯಾರಿಸುವಾಗಲೇ ಹಾಕಿರುವ ಕ್ಲಿಪ್. ಅಲ್ಲೇ ಇರಬೇಕು.

ಎಣ್ಣೆಯ ಮಾತು. ಕೆಲವು ಮೋಟಾರಿಗೆ ಎಣ್ಣೆ ಬಿಡಲು ಸಣ್ಣ ತೂತು ಇರುತ್ತದೆ, ಅಂಥದ್ದಕ್ಕೆ ವಿದ್ಯುತ್ ಮೋಟಾರಿಗೆಂದೇ ಇರುವ ಎಣ್ಣೆ ಎರಡು ಹನಿ ಸಾಕು. ನಮ್ಮದು ಮುಚ್ಚಿದ ಬೇರಿಂಗ್. ಅದಕ್ಕೆ ಏನೂ ಬಿಡಬಾರದು.

ಮತ್ತೆ ಕೂರಿಸುವಾಗಲೇ ಗೊತ್ತಾಗಿದ್ದು, ಹೋದ ವರ್ಷ ನಾನು ಒಂದು ತಪ್ಪು ಮಾಡಿದ್ದೆ ಅಂತ. ಒಲೆ ಕಾದ ಮೇಲೆ ತಾನಾಗಿ ಬ್ಲೋವರ್ ಶುರು ಮಾಡುವ ಥರ್ಮೋಸ್ಟಾಟ್ ಇದೆಯಲ್ಲ, ನಾಣ್ಯದಷ್ಟಿರುವ ಬಿಲ್ಲೆ, ಅದು ಬೆಂಕಿಪೆಟ್ಟಿಗೆಯ ಲೋಹಕ್ಕೆ ಅಂಟಿ ಕೂರಬೇಕು. ನಮ್ಮದು ಸ್ವಲ್ಪ ಓರೆಯಾಗಿತ್ತು. ಒಂದು ಕಾಗದ ತೂರುವಷ್ಟು ಸಂದು. ಹೋದ ಚಳಿಗಾಲ ಪೂರ್ತಿ ಬ್ಲೋವರ್ ಒಂದೊಂದು ಗಂಟೆ ತಡವಾಗಿ ಶುರುವಾಗುತ್ತಿತ್ತು, ಸೌದೆ ಹಸಿ ಇರಬೇಕು ಅಂದುಕೊಂಡಿದ್ದೆ. ಬಿಲ್ಲೆಯನ್ನು ಹಿಡಿದಿಡುವ ಪಟ್ಟಿಯ ಸ್ಕ್ರೂ ಸಡಿಲಿಸಿ, ಬಿಲ್ಲೆಯನ್ನು ಒತ್ತಿ ಹಿಡಿದು ಬಿಗಿ ಮಾಡಿದೆ. ಒಂದು ರಬ್ಬರ್ ಬುಷ್ ಗಟ್ಟಿಯಾಗಿ ಸೀಳಿತ್ತು, ಅದನ್ನೂ ಬದಲಿಸಿದೆ. ವೈರು ಒಲೆಯ ಬಿಸಿ ಮೈಗೆ ತಾಗದಂತೆ ಪಕ್ಕದಿಂದ ತಂದು ಕ್ಲಿಪ್ ಹಾಕಿದೆ.

ಸಂಜೆ ಐದೂವರೆಗೆ ಒಲೆ ಹಚ್ಚಿದೆ. ಶುರುವಿನಲ್ಲೇ ಬ್ಲೋವರ್ ಓಡಿಸೋದು ಒಳ್ಳೇದಲ್ಲ. ಒಲೆಯ ಮೈ ತಣ್ಣಗಾಗಿ ಬೆಂಕಿ ಸೊರಗುತ್ತದೆ, ಹೊಗೆ ಸರಿಯಾಗಿ ಉರಿಯದೆ ಚಿಮಣಿಯ ಒಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ. ಚಿಮಣಿಗೆ ಬೆಂಕಿ ಹತ್ತಿಕೊಳ್ಳುವುದು ಆ ಮಸಿಯಿಂದಲೇ. ಅದಕ್ಕೇ ಬಿಲ್ಲೆಯ ಕೆಲಸ ಅಷ್ಟು ಮುಖ್ಯ. ರೆಗ್ಯುಲೇಟರನ್ನು ಜೋರಿಗೆ ಇಟ್ಟು ಕಾದು ಕೂತೆವು. ನಿಧಾನಕ್ಕೆ ಇಟ್ಟರೆ ನಿಂತ ಮೋಟಾರು ಶುರುವಾಗಲು ಒದ್ದಾಡುತ್ತದೆ, ಓಡಲು ಹತ್ತಿದ ಮೇಲೆ ಇಳಿಸಿಕೊಳ್ಳಬಹುದು.

ಐದು ಐವತ್ತೈದಕ್ಕೆ ಒಳಗಿನಿಂದ ಟಕ್ ಅಂತ ಒಂದು ಸದ್ದು. ಚಕ್ರ ತಿರುಗಿತು. ಸೀಳಿನ ಮುಂದೆ ಕೈ ಹಿಡಿದೆ. ಬಿಸಿ ಗಾಳಿ ಮೊಣಕೈವರೆಗೂ ತಾಗಿತು. ರೆಗ್ಯುಲೇಟರ್ ಅರ್ಧಕ್ಕೆ ಇಳಿಸಿದೆ.

"ಶುರುವಾಯ್ತಾ?" ಅಂತ ಅಮ್ಮ ಕುರ್ಚಿಯಿಂದಲೇ ಕೇಳಿದರು, ಮೆಲ್ಲಗೆ. ನನಗೆ ಸ್ಪಷ್ಟವಾಗಿ ಕೇಳಿಸಿತು.