ಟೆಸ್ಟ್ ಪಾಸಾಯಿತು, ತೆರಿಗೆ ಸೊನ್ನೆಯಾಯಿತು

ಕೋಡ್‌ನಲ್ಲಿರುವ ಬಗ್ಗನ್ನು, ಅಂದರೆ ದೋಷವನ್ನು, ತಾನೇ ಹುಡುಕಿ ಅದನ್ನು ಸರಿಪಡಿಸುವ ಪ್ಯಾಚ್ ಎಂಬ ಕೋಡ್ ತಿದ್ದುಪಡಿಯನ್ನೂ ತಾನೇ ಬರೆದುಕೊಡುವ ಟೂಲ್ ಒಂದನ್ನು ನಮ್ಮ ಕಂಪನಿಯ ಡೆವಲಪರ್‌ಗಳ ಕೈಗೆ ಒಪ್ಪಿಸುವ ಕೆಲಸ ನಮ್ಮ ತಂಡದ್ದಾಗಿತ್ತು. ಪ್ಯಾಚ್ ಹಾಕಿದ ಮೇಲೆ, ಕೋಡ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಟೆಸ್ಟ್‌ಗಳೆಲ್ಲ ಪಾಸಾದರೆ ಬಗ್ ಸರಿಹೋಯಿತೆಂದೇ ನಾವು ಲೆಕ್ಕ ಹಿಡಿಯುತ್ತಿದ್ದೆವು. ಆ ನಂಬಿಕೆ ಕಳಚಿದ್ದು ಬಿಲ್ಲಿಂಗ್ ವಿಭಾಗದ ಒಂದು ಪ್ಯಾಚ್‌ನಿಂದ.

ಗ್ರಾಹಕರ ವಿಳಾಸದಲ್ಲಿ ರಾಜ್ಯದ ಕೋಡ್ ಇಲ್ಲದಿದ್ದಾಗ, ಅಂದರೆ ಆ ಜಾಗದಲ್ಲಿ ನಲ್ ಬಂದಾಗ, ಜಿಎಸ್‌ಟಿ ಲೆಕ್ಕ ಹಾಕುವ ಫಂಕ್ಷನ್ ಕ್ರ್ಯಾಶ್ ಆಗುತ್ತಿತ್ತು. ಟೂಲ್ ಎರಡೇ ಸಾಲಿನ ಪರಿಹಾರ ಕೊಟ್ಟಿತು: ರಾಜ್ಯದ ಕೋಡ್ ನಲ್ ಆಗಿದ್ದರೆ ತೆರಿಗೆಯಾಗಿ ಸೊನ್ನೆಯನ್ನು ಹಿಂದಿರುಗಿಸು. ಕ್ರ್ಯಾಶ್ ನಿಂತಿತು, ಟೆಸ್ಟ್‌ಗಳೂ ಪಾಸಾದವು. ಕೋಡ್ ರಿವ್ಯೂ ಮಾಡುತ್ತಿದ್ದ, ಅಂದರೆ ಬದಲಾವಣೆಯನ್ನು ಸೇರಿಸುವ ಮೊದಲು ಓದಿ ಪರಿಶೀಲಿಸುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕರೆದು, "ಈ ಸೊನ್ನೆ ಎಲ್ಲಿಂದ ಬಂತು, ನೀವೇ ಹೇಳಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಹೊರರಾಜ್ಯವಾದರೆ ಐಜಿಎಸ್‌ಟಿ. ರಾಜ್ಯ ಗೊತ್ತಿಲ್ಲದಿದ್ದರೆ ತೆರಿಗೆಯೇ ಇಲ್ಲ ಎಂದು ಯಾವ ನಿಯಮ ಹೇಳುತ್ತದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಟೆಸ್ಟ್ ಪರೀಕ್ಷಿಸುತ್ತಿದ್ದುದು ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ ಎಂಬುದನ್ನಷ್ಟೇ. ಬಿಲ್ಲಿನ ಮೊತ್ತವನ್ನು ಅದು ನೋಡುತ್ತಲೇ ಇರಲಿಲ್ಲ. ನಿಜವಾದ ತಪ್ಪು ಇದ್ದದ್ದು ಬೇರೆ ಫೈಲಿನಲ್ಲಿ, ಹಳೆಯ ಗ್ರಾಹಕರ ದಾಖಲೆಗಳನ್ನು ಹೊಸ ಡೇಟಾಬೇಸಿಗೆ ತುಂಬಿಸುವಾಗ ಆ ಕಾಲಮ್ಮನ್ನು ಖಾಲಿ ಬಿಟ್ಟಿದ್ದ ಕಡೆಯಲ್ಲಿ. ಕ್ರ್ಯಾಶ್ ಆಗುತ್ತಿದ್ದಾಗ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಆ ಪ್ಯಾಚ್ ಹಾಕಿದ್ದರೆ ಸದ್ದಿಲ್ಲದೆ ತಪ್ಪು ಬಿಲ್ ಹೋಗುತ್ತಿತ್ತು.

ಈ ಕ್ಷೇತ್ರಕ್ಕೆ ಇದು ಹೊಸ ಪಾಠವೇನಲ್ಲ. ತಾನೇ ಪ್ಯಾಚ್ ಬರೆಯುವ ಜೆನ್‌ಪ್ರಾಗ್ ಎಂಬ ಪ್ರಸಿದ್ಧ ಟೂಲ್ 105 ಬಗ್‌ಗಳಲ್ಲಿ 55ನ್ನು ಸರಿಪಡಿಸಿತೆಂದು 2012ರಲ್ಲಿ ವರದಿಯಾಗಿತ್ತು. ಎಂಐಟಿಯ ಸಂಶೋಧಕರು 2015ರಲ್ಲಿ ಅದರ ಪ್ಯಾಚ್‌ಗಳನ್ನು ಮತ್ತೆ ಪರಿಶೀಲಿಸಿದಾಗ, ನಿಜವಾಗಿ ಸರಿಯಾಗಿದ್ದದ್ದು 2 ಬಗ್‌ಗಳ ಪ್ಯಾಚ್‌ಗಳು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಪ್ರೋಗ್ರಾಂ ಮಾಡಬೇಕಿದ್ದ ಕೆಲಸವನ್ನೇ ಕಿತ್ತುಹಾಕಿದಂತಿದ್ದವು. ಅದನ್ನು ನಾನು ಓದಿದ್ದೆ, ಆದರೆ ನಮ್ಮ ಟೆಸ್ಟ್‌ಗಳ ಮೇಲಿನ ಭರವಸೆಯಲ್ಲಿ ಬದಿಗಿಟ್ಟಿದ್ದೆ.

ಮೌಲ್ಯವನ್ನು ತಾನೇ ಊಹಿಸಿ ತುಂಬುವ ಪ್ಯಾಚ್‌ಗಳನ್ನು ಮೊದಲು ನಿಲ್ಲಿಸಿದೆವು. ಎರಡನೆಯದು, ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಟ್ಟದ್ದು, ಸಮಯದ ಬದಲಾವಣೆ. ಅಲ್ಲಿಯವರೆಗೆ ರಾತ್ರಿ ಟೂಲ್ ಓಡಿಸಿ ಬೆಳಿಗ್ಗೆ ಉದ್ದನೆಯ ಪಟ್ಟಿ ಕಳುಹಿಸುತ್ತಿದ್ದೆವು, ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಫೇಸ್‌ಬುಕ್‌ನ ಎಂಜಿನಿಯರ್‌ಗಳು ಕೋಡಿನ ತಪ್ಪುಗಳನ್ನು ಹುಡುಕಿ ಎಚ್ಚರಿಸುವ ತಮ್ಮ ಇನ್ಫರ್ ಟೂಲ್ ಬಗ್ಗೆ ಬರೆದದ್ದೂ ಇದನ್ನೇ: ಎಚ್ಚರಿಕೆಗಳನ್ನು ಪಟ್ಟಿ ಮಾಡಿ ಹಂಚಿದಾಗ ಸರಿಪಡಿಸಿದವರು ಇಲ್ಲವೆನ್ನುವಷ್ಟು ಕಡಿಮೆ, ಅವೇ ಎಚ್ಚರಿಕೆಗಳನ್ನು ಕೋಡ್ ರಿವ್ಯೂ ಹಂತದಲ್ಲಿ ತೋರಿಸಿದಾಗ ಶೇಕಡ 70ರ ಆಸುಪಾಸು ಸರಿಹೋದವು. ಆಗಷ್ಟೇ ಬರೆದ ಸಾಲು ಡೆವಲಪರ್‌ನ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಆರು ತಿಂಗಳ ಹಿಂದಿನ ಕೋಡನ್ನು ಮತ್ತೆ ಅರ್ಥಮಾಡಿಕೊಳ್ಳಲು ಅರ್ಧ ದಿನ ಬೇಕು.

ಈಗ ನಮ್ಮ ಟೂಲ್ ರಿವ್ಯೂನಲ್ಲಿ, ಬದಲಾದ ಸಾಲಿನ ಕೆಳಗೇ, ಪ್ಯಾಚ್ ಜೊತೆಗೆ, ಆ ಪ್ಯಾಚ್ ಇಲ್ಲದಿದ್ದರೆ ಫೇಲ್ ಆಗುವ ಒಂದು ಟೆಸ್ಟನ್ನೂ ಕಾರಣ ಹೇಳುವ ಒಂದೆರಡು ವಾಕ್ಯಗಳನ್ನೂ ಇಡುತ್ತದೆ. ಪದೇ ಪದೇ ತಿರಸ್ಕೃತವಾಗುವ ಬಗೆಯ ಪ್ಯಾಚ್‌ಗಳನ್ನು ನಾವೇ ತೆಗೆದುಹಾಕುತ್ತೇವೆ. ತಪ್ಪಿನ ಮೂಲ ಬೇರೆ ಫೈಲಿನಲ್ಲಿದ್ದರೆ ಟೂಲ್ ಪ್ಯಾಚ್ ಕೊಡುವುದಿಲ್ಲ. ನಲ್ ಎಲ್ಲಿ ಹುಟ್ಟಿ ಯಾವ ಯಾವ ಫಂಕ್ಷನ್ ದಾಟಿ ಬಂತೆಂಬುದನ್ನು ಮಾತ್ರ ತೋರಿಸುತ್ತದೆ. ಬಿಲ್ಲಿಂಗ್ ವಿಭಾಗದವರು ಈಗ ಮೊದಲು ತೆರೆದು ನೋಡುವುದು ಆ ದಾರಿಯನ್ನೇ.