ಆ ಬ್ಯಾಗ್ ನಂದೇ

ನಾನು ವಾಪಸ್ ಪ್ಲಾಟ್‌ಫಾರ್ಮಿಗೆ ಬರೋ ಹೊತ್ತಿಗೆ ಹಗ್ಗ ಕಟ್ಟಿ ಆಗಿತ್ತು. ಯಾರೋ ಪಾಪ ಟ್ರೈನಿಗೆ ಸಿಕ್ಕಿರ್ಬೇಕು ಅಂದ್ಕೊಂಡೆ ಮೊದಲು, ಜನ ಎಲ್ಲ ಕತ್ತು ಉದ್ದ ಮಾಡ್ಕೊಂಡು ಒಂದೇ ಕಡೆ ನೋಡ್ತಿದ್ರಲ್ಲ, ನಾನೂ ಮಾಡ್ದೆ. ನೋಡಿದ್ರೆ ಹಗ್ಗದ ಆಚೆ ಖಾಲಿ ಬೆಂಚು, ಬೆಂಚಿನ ಮೇಲೆ ಒಂದೇ ಒಂದು ನೀಲಿ ಬ್ಯಾಗು. ಜಿಪ್ ಪೂರ್ತಿ ಹಾಕಕ್ಕಾಗ್ದೆ ಬಾಯಿ ಬಿಟ್ಕೊಂಡಿದ್ದ ನನ್ನ ಬ್ಯಾಗು.

ಒಳಗೆ ಇದ್ದಿದ್ದು ಅಪ್ಪನ ಹಳೇ ರೇಡಿಯೋ. ರಿಪೇರಿಯವನು ಇದರ ಪಾರ್ಟ್ ಈಗ ಸಿಗಲ್ಲ ಅಂತ ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಕೊಟ್ಟಿದ್ದ, ಹಿಂದಿನ ಮುಚ್ಚಳಕ್ಕೆ ಎರಡು ರಬ್ಬರ್ ಬ್ಯಾಂಡ್, ಬ್ಯಾಟರಿ ಹಾಕೋ ಜಾಗದಿಂದ ಕೆಂಪು ವೈರ್ ಒಂದು ಕಪ್ಪು ವೈರ್ ಒಂದು ಹೊರಗೆ ನೇತಾಡ್ತಿತ್ತು. ಮೇಲೆ ಪೇಪರ್ ಸುತ್ತಿದ್ದೆ, ಅದೂ ಅರ್ಧ ಹರಿದೋಗಿತ್ತು. ಬೇಕು ಅಂತ ಮಾಡಿದ್ರೂ ಇದಕ್ಕಿಂತ ಅನುಮಾನ ಬರೋ ಹಂಗೆ ಪ್ಯಾಕ್ ಮಾಡಕ್ಕೆ ಆಗ್ತಿರ್ಲಿಲ್ಲ.

ಬಿಟ್ಟು ಹೋಗಿದ್ದು ಯಾಕೆ ಅಂದ್ರೆ, ಟಿಕೆಟ್ಟಲ್ಲಿ ತಾರೀಕು ತಪ್ಪಿರೋದು ಅಲ್ಲಿ ಕೂತಾಗ ಗೊತ್ತಾಯ್ತು, ಕೌಂಟರ್ ಇದ್ದಿದ್ದು ಓವರ್‌ಬ್ರಿಡ್ಜ್ ಹತ್ತಿ ಆಚೆ ಕಡೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ರು ಕೂತಿದ್ರು, ಸ್ವಲ್ಪ ಬ್ಯಾಗ್ ನೋಡ್ಕೋತಿರಿ ಅಮ್ಮ, ಐದೇ ನಿಮಿಷ ಅಂದೆ. ಆಯ್ತಪ್ಪ ಹೋಗ್ಬಾ ಅಂದ್ರು. ಎಷ್ಟು ಸಲ ಹಿಂಗೆ ಮಾಡಿದೀವಿ ಯೋಚನೆ ಮಾಡಿ, ಹೆಸರು ಗೊತ್ತಿಲ್ಲದವರ ಹತ್ರ ಸಾಮಾನು ಬಿಟ್ಟು ಹೋಗೋದು, ಅವರೂ ಒಳಗೇನಿದೆ ಅಂತ ಕೇಳದೆ ಒಪ್ಕೊಳೋದು. ನನ್ನ ಐದು ನಿಮಿಷ ಅರ್ಧ ಗಂಟೆ ಆಯ್ತು, ಅಷ್ಟರಲ್ಲಿ ಅವರ ಟ್ರೈನ್ ಬಂತು, ಅವರು ಹೋದ್ರು. ಅವರದೇನೂ ತಪ್ಪಿಲ್ಲ.

ನಿಜ ಹೇಳ್ತೀನಿ, ಹಗ್ಗದ ಈಚೆ ನಿಂತಾಗ ಒಂದು ಕ್ಷಣ ಹಂಗೇ ಹಿಂದೆ ತಿರುಗಿ ಮನೆಗೆ ಹೋಗ್ಬಿಡ್ಲಾ ಅನ್ಸಿತ್ತು. ಪಕ್ಕದಲ್ಲಿದ್ದ ಯಜಮಾನರು ಯಾರಿಗೋ ಹೇಳ್ತಾ ಇದ್ರು, ರೇಡಿಯೋ ಅಂತೆ ಕಣ್ರೀ, 1985ರಲ್ಲಿ ದೆಹಲೀಲಿ ಹಿಂಗೇ ಟ್ರಾನ್ಸಿಸ್ಟರ್ ಒಳಗೆ ಬಾಂಬ್ ಇಟ್ಟು ಬಸ್ಸುಗಳಲ್ಲಿ ಬಿಟ್ಟು ಹೋಗಿದ್ರು, ಎತ್ಕೊಂಡವರು ಸತ್ರು ಅಂತ. ಅದು ನಿಜ, ಆ ವರ್ಷ ಮೇ ತಿಂಗಳಲ್ಲಿ ಆಗಿದ್ದು. ಬಿದ್ದಿರೋ ರೇಡಿಯೋ ಮುಟ್ಬೇಡಿ ಅಂತ ಮಕ್ಕಳಿಗೆ ಹೇಳ್ಕೊಡೋರು ಆಮೇಲೆ. ಅದೆಲ್ಲ ಕೇಳಿಸ್ಕೊಂಡು ನನ್ನ ಕಾಲು ಅಲ್ಲೇ ನಿಂತೋಯ್ತು.

ನಾಯಿ ಬಂತು. ಬೆಂಚಿನ ಸುತ್ತ ಒಂದು ಸುತ್ತು ಹಾಕಿ ಬ್ಯಾಗಿಗೆ ಮೂಗು ತಗುಲಿಸಿ ಏನೂ ಆಸಕ್ತಿ ಇಲ್ಲದಿರೋ ಹಂಗೆ ಮುಖ ತಿರುಗಿಸ್ತು. ಜನರಲ್ಲಿ ಯಾರೋ ಉಸಿರು ಬಿಟ್ಟಿದ್ದು ಕೇಳಿಸ್ತು. ಆದ್ರೆ ಬಾಂಬ್ ನಿಷ್ಕ್ರಿಯ ದಳದವರು ನಾಯಿ ಹೇಳಿದ್ದಷ್ಟನ್ನೇ ನಂಬಲ್ಲ, ಒಬ್ರು ಆ ದಪ್ಪ ಸೂಟ್ ಹಾಕ್ಕೋತಾ ಇದ್ರು, ಬೇರೆ ಇಬ್ರು ಬೆಲ್ಟು ಬಿಗೀತಿದ್ರು. ಆ ಸೂಟು ನೋಡಿದ ಮೇಲೆ ತಡೀಲಿಕ್ಕಾಗ್ಲಿಲ್ಲ ನಂಗೆ. ಒಬ್ಬ ಮನುಷ್ಯ ನನ್ನ ಅಪ್ಪನ ರೇಡಿಯೋ ಹತ್ರ ಸಾಯಕ್ಕೆ ತಯಾರಾಗಿ ಹೋಗ್ತಾ ಇದಾನೆ, ನಾನು ಇಲ್ಲಿ ನಿಂತು ನೋಡ್ತಾ ಇದೀನಿ. ಕೈ ಎತ್ತಿ ಕೂಗ್ದೆ, ಸರ್, ಆ ಬ್ಯಾಗ್ ನಂದು!

ಅಷ್ಟು ಹೊತ್ತು ಪಕ್ಕದಲ್ಲಿ ಮೈ ತಾಗಿಸ್ಕೊಂಡು ನಿಂತಿದ್ದವರೆಲ್ಲ ಒಂದೇ ಸಲ ಎರಡು ಹೆಜ್ಜೆ ಹಿಂದೆ ಸರಿದ್ರು. ನನ್ನ ಸುತ್ತ ಒಂದು ಖಾಲಿ ಸುತ್ತು. ಅದು ಬಹಳ ಹೊತ್ತು ಇರ್ಲಿಲ್ಲ ಆದ್ರೆ ಅದನ್ನ ಇನ್ನೂ ಮರೆಯಕ್ಕಾಗಿಲ್ಲ.

ಇನ್ಸ್‌ಪೆಕ್ಟರ್ ಬಂದ್ರು. ಹೆಸರು ಕೇಳಿದ್ರು, ಹೇಳ್ದೆ. ಐಡಿ ಕಾರ್ಡ್ ತೋರಿಸ್ದೆ. ಒಳಗೆ ಏನಿದೆ ಅಂದ್ರು, ರೇಡಿಯೋ, ಎರಡು ಟವೆಲ್, ಒಂದು ಡೈರಿ ಅಂದೆ, ರಿಪೇರಿ ಚೀಟಿ ಜೇಬಲ್ಲೇ ಇತ್ತು. ಹೆಸರು ಕೇಳಿದ ತಕ್ಷಣ ಅವರ ಮುಖ ಸಡಿಲ ಆಯ್ತು, ಚೀಟಿ ನೋಡೋಕೂ ಮುಂಚೆ. ಓದಿರೋರು ನೀವೇ ಹಿಂಗೆ ಮಾಡಿದ್ರೆ ಹೆಂಗ್ರೀ ಅಂತ ಬೈದ್ರು, ಒಂದು ಹೇಳಿಕೆ ಬರೆಸ್ಕೊಂಡ್ರು, ಬ್ಯಾಗ್ ಪೂರ್ತಿ ಚೆಕ್ ಮಾಡಿ ಕೊಟ್ರು. ಎಲ್ಲ ಸೇರಿ ಇಪ್ಪತ್ತು ನಿಮಿಷ. ತಪ್ಪು ನನ್ನದೇ ಆಗಿದ್ದಕ್ಕೆ ಇದು ಏನೇನೂ ಅಲ್ಲ.

ಆಗ್ಲೇ ನಾನು ಆ ಹುಡುಗನ್ನ ನೋಡಿದ್ದು. ಕಂಬದ ಪಕ್ಕ ನಿಂತಿದ್ದ, ಇಪ್ಪತ್ತೆರಡು ಇಪ್ಪತ್ಮೂರು ಇರ್ಬೇಕು, ಗಡ್ಡ, ಅವನ ಬ್ಯಾಗಲ್ಲಿದ್ದಿದ್ದೆಲ್ಲ ನೆಲದ ಮೇಲೆ ಹರಡಿತ್ತು, ಪುಸ್ತಕ, ಒಂದು ಶರ್ಟು, ಚಾರ್ಜರ್. ಎರಡು ಮೂರು ಜನ ಮೊಬೈಲ್ ಎತ್ತಿ ಫೋಟೋ ತೆಗೀತಿದ್ರು, ಮರೆಮಾಚಿ ಕೂಡ ಅಲ್ಲ. ಕಾನ್‌ಸ್ಟೇಬಲ್ ಹತ್ರ ಇವನೇನು ಮಾಡ್ದ ಅಂತ ಕೇಳ್ದೆ. ಅವರು ಸ್ವಲ್ಪ ಸಂಕೋಚದಿಂದಲೇ ಹೇಳಿದ್ರು, ಇವನೇ ಸರ್ ಬಂದು ಬ್ಯಾಗ್ ವಿಷಯ ತಿಳಿಸಿದ್ದು.

ಅಂದ್ರೆ ಅನೌನ್ಸ್‌ಮೆಂಟಲ್ಲಿ ದಿನಕ್ಕೆ ನೂರು ಸಲ ಹೇಳ್ತಾರಲ್ಲ, ವಾರಸುದಾರರಿಲ್ಲದ ವಸ್ತು ಕಂಡ್ರೆ ತಿಳಿಸಿ ಅಂತ, ಅದನ್ನ ಆ ಪ್ಲಾಟ್‌ಫಾರ್ಮಲ್ಲಿ ಪಾಲಿಸಿದ ಒಬ್ಬನೇ ಮನುಷ್ಯ ಇವನು. ಆ ಬೆಂಚಲ್ಲಿ ಕೂತವರು, ಎದ್ದವರು, ಬ್ಯಾಗನ್ನ ಪಕ್ಕಕ್ಕೆ ತಳ್ಳಿ ಜಾಗ ಮಾಡ್ಕೊಂಡವರು ಎಷ್ಟೋ ಜನ.

ಅವನ ಸಾಮಾನು ಎತ್ತಿ ಕೊಡಕ್ಕೆ ಬಗ್ಗಿದೆ, ಪರವಾಗಿಲ್ಲ ಸರ್ ಬಿಡಿ ಅಂದ. ಸಾರಿ ಅಂದೆ, ನನ್ನಿಂದ ಇಷ್ಟೆಲ್ಲ ಆಯ್ತು ಅಂದೆ. ಅವನು ಚಾರ್ಜರ್ ವೈರ್ ಸುತ್ಕೋತಾ ಹೇಳ್ದ, ಹೇಳೋದಾ ಬೇಡ್ವಾ ಅಂತ ಐದು ನಿಮಿಷ ಯೋಚನೆ ಮಾಡ್ದೆ ಸರ್, ಹೇಳಿದ್ರೆ ಹಿಂಗಾಗುತ್ತೆ ಅಂತ ಗೊತ್ತಿತ್ತು, ಸುಮ್ನೆ ಎದ್ದು ಹೋದ್ರೆ ಆಮೇಲೆ ಕ್ಯಾಮೆರಾದಲ್ಲಿ ಎದ್ದು ಹೋಗಿದ್ದು ಕಾಣುತ್ತೆ. ಎಲೆಕ್ಟ್ರಿಸಿಟಿ ಬಿಲ್ ಕಟ್ಟೋ ವಿಷಯ ಮಾತಾಡೋ ಹಂಗೆ ಹೇಳ್ದ. ಕೋಪ ಇದ್ದಿದ್ರೆ ನಂಗೂ ಏನಾದ್ರೂ ಹೇಳೋಕೆ ಬರ್ತಿತ್ತು.

ಆ ಐದು ನಿಮಿಷ ನನ್ನ ತಲೆಯಿಂದ ಹೋಗ್ತಾ ಇಲ್ಲ. ನಿಜವಾದ ಬಾಂಬ್ ಆಗಿದ್ರೆ? ನಾವು ಮುಖ ನೋಡಿ ಅನುಮಾನ ಪಡೋದನ್ನ ಎಚ್ಚರಿಕೆ ಅಂತ ಕರೀತೀವಿ, ಆದ್ರೆ ಅದರ ಲೆಕ್ಕ ಈ ಕಡೆಯಿಂದ ನೋಡಿ, ಬೇಗ ಹೇಳ್ಬೇಕಾಗಿದ್ದವನು ಹೆದರಿ ಐದು ನಿಮಿಷ ತಡ ಮಾಡ್ದ. ಇನ್ನೊಬ್ಬ ಆಗಿದ್ರೆ ಹೇಳ್ತಾನೇ ಇರ್ಲಿಲ್ಲ. ಟೈಮರ್ ಇಟ್ಟವನಿಗೆ ಬೇಕಾಗಿರೋದೂ ಅಷ್ಟೇ ಅಲ್ವಾ.

ಟ್ರೈನಲ್ಲಿ ಕೂತು ನೆನಪಾಗಿದ್ದು ಅಟ್ಲಾಂಟಾ ಒಲಿಂಪಿಕ್ಸ್. 1996ರ ಜುಲೈ 27, ಪಾರ್ಕಲ್ಲಿ ರಾತ್ರಿ ಸಂಗೀತ ಕಾರ್ಯಕ್ರಮ ನಡೀತಿದ್ದಾಗ ರಿಚರ್ಡ್ ಜ್ಯುವೆಲ್ ಅನ್ನೋ ಸೆಕ್ಯುರಿಟಿ ಗಾರ್ಡ್ ಬೆಂಚಿನ ಕೆಳಗೆ ಒಂದು ಬ್ಯಾಗ್ ನೋಡಿ ಪೊಲೀಸರಿಗೆ ಹೇಳಿ ಜನರನ್ನ ದೂರ ಕಳಿಸಕ್ಕೆ ಶುರು ಮಾಡ್ದ, ಅದು ಸಿಡೀತು, ಒಬ್ಬ ಹೆಂಗಸು ಸತ್ರು, ನೂರಕ್ಕೂ ಹೆಚ್ಚು ಜನಕ್ಕೆ ಗಾಯ, ಅವನು ನೋಡ್ದೇ ಇದ್ದಿದ್ರೆ ಇನ್ನೆಷ್ಟೋ. ಮೂರು ದಿನ ಹೀರೋ, ಆಮೇಲೆ ಇವನೇ ಇಟ್ಟಿರ್ಬೇಕು ಅಂತ ಪೇಪರ್ ಟಿವಿ ಎಲ್ಲ ಶುರುವಾಯ್ತು, 88 ದಿನ ಆದ್ಮೇಲೆ ಇವನ ಮೇಲೆ ಏನೂ ಇಲ್ಲ ಅಂದ್ರು. ಅಸಲಿ ಅಪರಾಧಿ ತಪ್ಪೊಪ್ಪಿಕೊಂಡಿದ್ದು 2005ರಲ್ಲಿ. ಜ್ಯುವೆಲ್‌ಗೆ ಗಡ್ಡಾನೂ ಇರ್ಲಿಲ್ಲ, ಬೇರೆ ಧರ್ಮಾನೂ ಅಲ್ಲ, ಅಮ್ಮನ ಜೊತೆ ಇರೋ ದಪ್ಪಗಿನ ಒಂಟಿ ಗಂಡಸು ಅನ್ನೋದೇ ಸಾಕಾಗಿತ್ತು. ಅನುಮಾನಕ್ಕೆ ಯಾವ ಮುಖ ಆದ್ರೂ ಆಗುತ್ತೆ, ಅವತ್ತಿಗೆ ಯಾವುದು ಸಿಗುತ್ತೋ ಅದು.

ನನ್ನ ಆಫೀಸಲ್ಲಿ ಇದನ್ನ ಹೇಳಿದಾಗ ಒಬ್ರು ಅಂದ್ರು, ಹಂಗಂತ ಚೆಕ್ಕಿಂಗೇ ಬೇಡ ಅಂತೀರಾ, ಓಪನ್ ಸೊಸೈಟಿ ಅಂತ ಬಾಗಿಲು ತೆಗೆದಿಟ್ಟು ಮಲಗ್ಬೇಕಾ ಅಂತ. ಇಲ್ಲಪ್ಪ, ನಾನು ಹೇಳಿದ್ದು ಅದಲ್ಲ. ನನ್ನ ಬ್ಯಾಗಿಗೆ ನಾಯಿ ಕರೆಸಿದ್ದು ನೂರಕ್ಕೆ ನೂರು ಸರಿ. ನಾರ್ವೆ ನೋಡಿ. 2011ರ ಜುಲೈ 22, ಓಸ್ಲೋದಲ್ಲಿ ಬಾಂಬು, ಆಮೇಲೆ ಉಟೋಯಾ ದ್ವೀಪದಲ್ಲಿ ಗುಂಡಿನ ದಾಳಿ, 77 ಜನ ಸತ್ರು, ಬಹಳಷ್ಟು ಹದಿಹರೆಯದವರು. ಪ್ರಧಾನಿ ಸ್ಟೋಲ್ಟೆನ್‌ಬರ್ಗ್ ದಾಳಿ ಆದ್ಮೇಲೆ ಇನ್ನೂ ಹೆಚ್ಚು ಪ್ರಜಾಪ್ರಭುತ್ವ, ಇನ್ನೂ ಹೆಚ್ಚು ಮುಕ್ತತೆ ಅಂದಿದ್ದನ್ನ ಎಲ್ಲರೂ ಹೇಳ್ತಾರೆ, ಅದರ ಹಿಂದೇನೇ ಆದ್ರೆ ಪೆದ್ದುತನ ಮಾತ್ರ ಬೇಡ ಅಂತ ಒಂದು ಮಾತು ಸೇರಿಸಿದ್ದನ್ನ ಬಿಟ್ಬಿಡ್ತಾರೆ. ಮೂರು ದಿನ ಆದ್ಮೇಲೆ ಓಸ್ಲೋದಲ್ಲಿ ಲಕ್ಷಕ್ಕೂ ಮೀರಿ ಜನ ಗುಲಾಬಿ ಹಿಡ್ಕೊಂಡು ಬೀದಿಗೆ ಬಂದ್ರು. ಮುಂದಿನ ವರ್ಷ ಬಂದ ತನಿಖಾ ಆಯೋಗದ ವರದಿ ಮಾತ್ರ ಗುಲಾಬಿ ಥರ ಇರ್ಲಿಲ್ಲ, ಸರ್ಕಾರಿ ಕಟ್ಟಡದ ಮುಂದಿನ ರಸ್ತೆ ಮುಚ್ಬೇಕು ಅಂತ ಮೊದ್ಲೇ ತೀರ್ಮಾನ ಆಗಿತ್ತು, ಮುಚ್ಚೇ ಇರ್ಲಿಲ್ಲ, ಬಾಂಬ್ ಇಟ್ಟವನು ವ್ಯಾನ್ ತಂದಿದ್ದು ಅದೇ ರಸ್ತೇಲಿ. ಇದೇ ಊರಲ್ಲಿ ಬಾಂಬ್ ಸಿಡಿದ ಮೊದಲ ಗಂಟೆಗಳಲ್ಲಿ ವಲಸೆ ಬಂದವರ ಥರ ಕಾಣೋರನ್ನ ಜನ ಬೈದಿದ್ರು, ಮಾಡಿದ್ದವನು ಅಲ್ಲೇ ಹುಟ್ಟಿ ಬೆಳೆದ ನಾರ್ವೆಯವನು. ರಸ್ತೆ ಮುಚ್ಬೇಕಾದ್ರೆ ಮುಚ್ಚಲಿ, ಬ್ಯಾಗ್ ತೆಗೆಸ್ಬೇಕಾದ್ರೆ ಎಲ್ಲರದ್ದೂ ತೆಗೆಸ್ಲಿ, ನಂದು ಮೊದ್ಲು. ಅದು ಬೇರೆ, ಕಂಬದ ಪಕ್ಕ ಒಬ್ಬನ್ನೇ ನಿಲ್ಸಿ ಫೋಟೋ ತೆಗೆಯೋದು ಬೇರೆ. ಅಷ್ಟು ಹೇಳೋಷ್ಟರಲ್ಲಿ ಅವರು ಮೀಟಿಂಗ್ ಇದೆ ಅಂತ ಎದ್ದು ಹೋದ್ರು.

ನಾನೇನು ದೊಡ್ಡ ಮನುಷ್ಯ ಅಲ್ಲ. ಆ ಫೋಟೋ ತೆಗೀತಿದ್ದವರಿಗೆ ಅಲ್ಲೇ ಒಂದು ಮಾತು ಜೋರಾಗಿ ಹೇಳ್ಬಹುದಿತ್ತು, ಹೇಳ್ಲಿಲ್ಲ. ಬೈಸ್ಕೊಂಡು ಆಗಷ್ಟೇ ಬ್ಯಾಗ್ ವಾಪಸ್ ಸಿಕ್ಕಿತ್ತು, ಬೇಗ ಅಲ್ಲಿಂದ ಜಾಗ ಖಾಲಿ ಮಾಡಿದ್ರೆ ಸಾಕಾಗಿತ್ತು. ಹುಡುಗನ ನಂಬರ್ ಕೂಡ ತಗೊಳ್ಲಿಲ್ಲ.

ಅವತ್ತು ರಾತ್ರಿ ಊಟ ಮಾಡ್ತಾ ಫೋನ್ ನೋಡ್ತಿದ್ದೆ. ಆ ಲೈನಲ್ಲಿ ದಿನಾ ಓಡಾಡೋರ ವಾಟ್ಸಾಪ್ ಗ್ರೂಪ್ ಒಂದಿದೆ, ಟ್ರೈನ್ ಲೇಟಾ ಕ್ಯಾನ್ಸಲ್ಲಾ ಅಂತ ತಿಳ್ಕೊಳಕ್ಕೆ ಸೇರ್ಕೊಂಡಿದ್ದು. ಅದರಲ್ಲಿ ಅವನ ಫೋಟೋ ಬಂದಿತ್ತು. ಕಂಬ, ನೆಲದ ಮೇಲೆ ಪುಸ್ತಕ, ಅವನು ಬಗ್ಗಿ ಏನೋ ಎತ್ಕೋತಾ ಇದಾನೆ, ಮುಖ ಸ್ಪಷ್ಟವಾಗಿ ಕಾಣುತ್ತೆ. ಕೆಳಗೆ ಬರೆದಿದ್ರು, ಇವತ್ತು ಸ್ಟೇಷನ್ನಲ್ಲಿ ಬಾಂಬ್ ಸಮೇತ ಸಿಕ್ಕಿಬಿದ್ದವನು, ಎಲ್ಲರಿಗೂ ಕಳಿಸಿ ಹುಷಾರಾಗಿರಿ. ನಾನು ನೋಡೋ ಹೊತ್ತಿಗೆ ಹದಿನಾಲ್ಕು ಜನ ಕೈ ಮುಗಿಯೋ ಗುರುತು ಹಾಕಿದ್ರು.

ಒಂದು ಕೈಯಲ್ಲೇ ಟೈಪ್ ಮಾಡ್ದೆ. ಆ ಬ್ಯಾಗ್ ನಂದು. ಒಳಗಿದ್ದಿದ್ದು ರೇಡಿಯೋ. ನಾನೇ ಬಿಟ್ಟು ಹೋಗಿದ್ದು. ಫೋಟೋದಲ್ಲಿರೋ ಹುಡುಗ ಪೊಲೀಸರಿಗೆ ತಿಳಿಸಿದವನು, ದಯವಿಟ್ಟು ಡಿಲೀಟ್ ಮಾಡಿ. ರಿಪೇರಿ ಚೀಟಿ, ಪೊಲೀಸರು ಕೊಟ್ಟ ಕಾಗದ ಎರಡರ ಫೋಟೋನೂ ಹಾಕಿದೆ.

ಸುಮಾರು ಹೊತ್ತು ಯಾರೂ ಏನೂ ಬರೀಲಿಲ್ಲ. ಹಾಕಿದವರು ಡಿಲೀಟ್ ಮಾಡಿದ್ರು, ಅಷ್ಟರಲ್ಲಿ ಎಷ್ಟು ಕಡೆ ಹೋಗಿತ್ತೋ. ಆಮೇಲೆ ಒಬ್ರು ಬರೆದ್ರು, ಹೌದಾ ಸರ್, ಆದ್ರೂ ಹುಷಾರಾಗಿರೋದು ಒಳ್ಳೇದಲ್ವಾ. ಅದರ ಕೆಳಗೆ ಇನ್ನೊಬ್ರು, ನಾಳೆ ಎಂಟೂವರೆ ಟ್ರೈನ್ ಇದೆಯಾ ಅಂತ ಕೇಳಿದ್ರು.